ಮಾವನ ಹಾಸಿಗೆ ಬದಲಿಸಿದ್ದು

ಆನವಟ್ಟಿಯಲ್ಲಿ ಮೂವತ್ತು ವರ್ಷ ಬೀಜ-ಗೊಬ್ಬರ ಮಾರಿದ ಸದಾಶಿವಪ್ಪನವರು ಯಾರ ಹತ್ತಿರವೂ ಒಂದು ಲೋಟ ನೀರು ಕೇಳಿದವರಲ್ಲ. ಲಕ್ವ ಹೊಡೆದು ಎಡಮೈ ಬಿದ್ದುಹೋದ ಮೇಲೆ ಅಂಥ ಮನುಷ್ಯ ಸೊಸೆ ದೀಪಶ್ರೀಯ ಕೈಗೆ ಬಂದಿದ್ದರು. ಮಾತೂ ಅಷ್ಟಕ್ಕಷ್ಟೆ, ದಿನಕ್ಕೆ ನಾಲ್ಕು ಪದ ಹೊರಟರೆ ಹೆಚ್ಚು.

ಮಲಗಿ ಮಲಗಿ ಬೆನ್ನಿನ ಕೆಳಗೆ ಹುಣ್ಣಾಗತೊಡಗಿತು. ದಿನಾ ಹೊರಳಿಸಿ ಒಣ ಚಾದರ ಹಾಸದಿದ್ದರೆ ವಾರದಲ್ಲಿ ಶಿವಮೊಗ್ಗದ ಆಸ್ಪತ್ರೆಯೇ ಗತಿ ಎಂದ ನರ್ಸ್ ನೀಲಾಂಬಿಕ, ರೋಗಿಯನ್ನು ಎಬ್ಬಿಸದೆಯೇ ಹಾಸಿಗೆ ಬದಲಿಸುವುದನ್ನು ಕಲಿಸಿ ಹೋದಳು. ದೀಪಶ್ರೀ ಮಾವನನ್ನು ತನ್ನ ಕಡೆಗೆ ಹೊರಳಿಸಿ ಹಿಡಿದುಕೊಳ್ಳಬೇಕು. ಅತ್ತೆ ಬಸವಣ್ಣೆಮ್ಮ ಬೆನ್ನ ಹಿಂದಿನಿಂದ ಹಳೇ ಚಾದರ ಸುತ್ತಿ ಹೊಸದು ಹಾಸಬೇಕು. ಹೇಳುವುದಕ್ಕೆ ಸಲೀಸು.

ಮೂರು ದಿನವೂ ಒಂದೇ ಗೋಳು. ಅರ್ಧ ಹೊರಳಿಸುವಷ್ಟರಲ್ಲಿ ಮಾವ ನರಳಿ, ಬಲಗೈಯಿಂದ ಅವಳ ಕೈ ತಳ್ಳಿ, ಮತ್ತೆ ಅಂಗಾತ ಬೀಳುತ್ತಿದ್ದರು. ತಾನು ಮುಟ್ಟುವುದೇ ಅವರಿಗೆ ಬೇಡವಾಗಿದೆ ಎಂದು ದೀಪಶ್ರೀ ತೀರ್ಮಾನಿಸಿಬಿಟ್ಟಳು. ಹಿತ್ತಲಲ್ಲಿ ಬಟ್ಟೆ ಒಗೆಯುತ್ತ ಅತ್ತಳು. ಒಗೆಯುವುದಕ್ಕೇನು ಆ ಮನೆಯಲ್ಲಿ ಬರವಿರಲಿಲ್ಲ.

ನಾಲ್ಕನೆಯ ದಿನ ಅವಳು ಮಾವನ ಕೈಯನ್ನು ನೆಟ್ಟ ದೃಷ್ಟಿಯಿಂದ ನೋಡಿದಳು. ಅದು ಎದೆಯ ಮೇಲೆ ಏನನ್ನೋ ತಡಕುತ್ತಿತ್ತು, ನಡುವೆ ಅವಳ ಕೈ ಅಡ್ಡ ಬರುತ್ತಿತ್ತು. ಕೊರಳ ಶಿವದಾರದಲ್ಲಿದ್ದ ಇಷ್ಟಲಿಂಗ ಹೊರಳಿದಾಗಲೆಲ್ಲ ಜಾರಿ ಮೈಯಡಿಗೆ ಸಿಕ್ಕುತ್ತಿತ್ತು. ದಿನಾ ಅಂಗೈಯಲ್ಲಿಟ್ಟು ಪೂಜಿಸಿದ ಲಿಂಗದ ಮೇಲೆ ಮೈಭಾರ ಬಿಡುವುದೆಂದರೆ ಆ ಜೀವಕ್ಕೆ ಹೇಗಾಗಿರಬೇಡ! ಇನ್ನೊಬ್ಬರ ಲಿಂಗ ಮುಟ್ಟಬಾರದೆಂದು ಶಿಕಾರಿಪುರದ ತವರಿನಲ್ಲಿ ಕಲಿತಿದ್ದ ದೀಪಶ್ರೀ, ಅದನ್ನು ಸರಿಸದೆಯೇ ಹೊರಳಿಸುತ್ತಿದ್ದಳು. ಅವಳ ಭಕ್ತಿಯೇ ಎಡವಟ್ಟು ಮಾಡಿತ್ತು.

“ಮಾವಾರೆ, ಇಷ್ಟಲಿಂಗ ನಾನು ಹಿಡ್ಕಂಡಿರ್ಲಾ? ಮುಟ್ಟಬೋದಾ?”

ಚಾದರ ಹಿಡಿದಿದ್ದ ಬಸವಣ್ಣೆಮ್ಮ ನಿಂತಲ್ಲೇ ನಿಂತರು. ಸದಾಶಿವಪ್ಪನವರ ತುಟಿ ಬಹಳ ಹೊತ್ತು ಒದ್ದಾಡಿತು.

“ನಿನ್ ಕೈ ತಾನೇ... ಹಿಡಿಯವ್ವ.”

ಮೂರು ದಿನದ ದುಃಖವೆಲ್ಲ ದೀಪಶ್ರೀಯ ಕಣ್ಣಿಗೆ ಬಂತು. ಒರೆಸಿಕೊಳ್ಳಲು ಪುರುಸೊತ್ತಿಲ್ಲ. ಎಡಗೈಯಿಂದ ಲಿಂಗವನ್ನು ಅವರ ಎದೆಗೆ ಆನಿಸಿ ಹಿಡಿದಳು. ಉಳಿದ ಒಂದೇ ಕೈಯಲ್ಲಿ ಆ ಭಾರ ಹೊರಳಿಸುವುದು ಹೇಗೆಂದು ಅವಳು ಯೋಚಿಸುತ್ತಿರುವಾಗಲೇ, ಮಾವ ಬಲಗೈ ಚಾಚಿ ಅವಳ ಹೆಗಲು ಹಿಡಿದು ತಾವೇ ಹೊರಳಿ ಬಂದರು.

ಬಸವಣ್ಣೆಮ್ಮ ಸುಕ್ಕಿಲ್ಲದಂತೆ ಚಾದರ ಎಳೆದು, ಈ ಬದಿ ಮುಗೀತು, ಇನ್ನು ಬಿಡಬಹುದು ಎಂದರು. ಇಬ್ಬರಲ್ಲಿ ಯಾರೂ ಬಿಡಲಿಲ್ಲ.