ಉದಾಹರಣೆಗೆ ಒಬ್ಬ ಹೆಂಗಸು

ಕೋಟಿನ ಅಳತೆ ಕೊಡಲು ಬಂದ ಪ್ರೊಫೆಸರ್ ಎಂದಿನಂತೆ ಕತ್ತರಿಸುವ ಮೇಜಿನ ಪಕ್ಕ ಎರಡೂ ಕೈ ಚಾಚಿ ನಿಂತ. ಚಿಕ್ಕಮ್ಮ ಟೇಪನ್ನು ಅವನ ಬೆನ್ನಿಗೆ ಹಿಡಿದಳು. ಅವನ ಮೈಯಳತೆಯೆಲ್ಲ ಅವಳಿಗೆ ಬಾಯಿಪಾಠ, ಸೊಂಟದ್ದೊಂದು ಬಿಟ್ಟು. ಮದುವೆಯಾದ ಮೇಲೆ ಅದು ಯಾರ ಮಾತನ್ನೂ ಕೇಳುತ್ತಿರಲಿಲ್ಲ.

"ಭಾಷಣಕ್ಕೆ ನೀನು ಬರಲೇಬೇಕು ಚಿಕ್ಕಮ್ಮ," ಎಂದ. "ನಿಂದೂ ಒಂದು ಉದಾಹರಣೆ ಹಾಕ್ಕೊಂಡಿದೀನಿ."

"ನಂದಾ?"

"ಬಂದು ಕೇಳು. ಈಗ್ಲೇ ಹೇಳಿಬಿಟ್ರೆ ಏನು ಮಜಾ?"

ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡಿದ್ದರಿಂದ ಅವಳು ಹೆಚ್ಚು ಮಾತಾಡಲಿಲ್ಲ. ಅವನು ಹೋದ ಮೇಲೆ ಮಷಿನ್ ತುಳಿಯುತ್ತ ಒಬ್ಬಳೇ ನಕ್ಕಳು. ಯಾವ ಉದಾಹರಣೆ ಎಂದು ಬೇರೆ ಕೇಳಬೇಕೆ?

ಪ್ರೊಫೆಸರನ ಹೆಸರು, ಸಂಬಳ, ಕುರ್ಚಿ ಎಲ್ಲ ನಿಂತಿದ್ದು ಇಂಗ್ಲಿಷಿನ ಎರಡು ಪುಟ್ಟ ಪದಗಳ ಮೇಲೆ. ಬ್ರಿಂಗ್ ಅಪ್. ಬ್ರಿಂಗ್ ಎಂದರೆ ತರುವುದು, ಅಪ್ ಎಂದರೆ ಮೇಲಕ್ಕೆ. ನಿಮಗೆ ನಮಗೆ ಅಷ್ಟಕ್ಕೇ ಮುಗಿಯಿತು. ಅವನಿಗೆ ಮುಗಿಯಲಿಲ್ಲ. ಆ ಎರಡು ಪದಗಳು ಕೂಡಿ ಶತಮಾನದಿಂದ ಶತಮಾನಕ್ಕೆ ಏನೇನು ಅರ್ಥ ಹೊತ್ತವು, ಯಾವುದನ್ನು ದಾರಿಯಲ್ಲಿ ಇಳಿಸಿದವು ಎಂದು ಬೆನ್ನು ಹತ್ತಿ ಅರ್ಧ ಆಯಸ್ಸು ಕಳೆದಿದ್ದ. ಓದುವ ಕಾಲದಲ್ಲಿ ಇದೇ ಕೋಣೆಯಲ್ಲಿ, ಮಷಿನ್ ಪಕ್ಕದ ಸ್ಟೂಲಿನ ಮೇಲೆ ಕೂತು ಗಟ್ಟಿಯಾಗಿ ಓದುತ್ತಿದ್ದ. ಕೇಳುವವಳು ಚಿಕ್ಕಮ್ಮ ಒಬ್ಬಳೇ.

"ಮಗು ಸಾಕೋದಕ್ಕೂ ಕಕ್ಕೋದಕ್ಕೂ ಒಂದೇ ಮಾತಾ?" ಎಂದು ಒಮ್ಮೆ ಕೇಳಿದ್ದಳು. "ಅವರಿಗೆ ಪದಕ್ಕೆ ಅಷ್ಟು ಬರವಾ?"

"ನಾವು ಏನಂತೀವಿ ಹೇಳು, ಸಾಕೋದಕ್ಕೆ?"

"ಎತ್ತಿ ಆಡಿಸಿದ್ವಿ ಅಂತೀವಿ."

"ನೋಡು, ನಿಂಗೂ ಎತ್ತಲೇಬೇಕಾಯ್ತು," ಎಂದು ಅವನು ಕುಣಿದಾಡಿದ್ದ.

ಎತ್ತಿ ಆಡಿಸಿದ್ದಂತೂ ಸುಳ್ಳಲ್ಲ. ಅಕ್ಕ ತೀರಿಕೊಂಡಾಗ ಅವನಿಗೆ ಗೋಡೆ ಹಿಡಿಯದೆ ನಿಲ್ಲಲೂ ಬರುತ್ತಿರಲಿಲ್ಲ. ಭಾವ ಇನ್ನೊಂದು ಸಂಸಾರ ಕಟ್ಟಿಕೊಂಡು ಇತ್ತ ತಲೆ ಹಾಕಲಿಲ್ಲ. ಹುಡುಗನನ್ನು ಎಲ್ಲಾದರೂ ಬಿಟ್ಟು ಬಾ ಎಂದ ವರನನ್ನು ಅವಳು ಬಿಟ್ಟಳು, ಹುಡುಗನನ್ನು ಇಟ್ಟುಕೊಂಡಳು. ಅಂಗಡಿಯೂ ಮನೆಯೂ ಒಂದೇ ಕೋಣೆ. ಗಿರಾಕಿಗಳ ಬಟ್ಟೆಗೆ ಚೀಟಿ ಚುಚ್ಚಿ ಕಿಟಕಿ ಪಕ್ಕದ ಕಂಬಿಗೆ ತೂಗುಹಾಕುವುದು, ಅವನ ಬಟ್ಟೆಯನ್ನು ಚೀಟಿಯಿಲ್ಲದೆ ಬಾಗಿಲ ಹಿಂದಿನ ಮೊಳೆಗೆ ಸಿಕ್ಕಿಸುವುದು. ಮನೆಯವರ ಬಟ್ಟೆಗೆ ಯಾರಾದರೂ ಚೀಟಿ ಹಾಕುತ್ತಾರೆಯೇ? ಪ್ರೊಫೆಸರಾದ ಮೇಲೂ ಅವನ ಬಟ್ಟೆಯ ಜಾಗ ಆ ಮೊಳೆಯೇ.

ಮದುವೆಯಲ್ಲಿ ಮಾತ್ರ ಅವನು ಬೀಗರಿಗೆ ಅವಳನ್ನು "ನಮ್ಮ ಕಡೆಯವರು" ಎಂದಷ್ಟೇ ಪರಿಚಯಿಸಿದ. ಅವನ ಅತ್ತೆ ಅಂದಿನಿಂದ "ಟೈಲರಮ್ಮ" ಎಂದು ಕರೆಯತೊಡಗಿದರು, ಅವನು ತಿದ್ದಲಿಲ್ಲ. ಚಿಕ್ಕಮ್ಮ ನುಂಗಿಕೊಂಡಳು. ಆದರೆ ಒಂದು ಆಸೆ ಒಳಗೇ ಉಳಿದುಹೋಯಿತು: ಇವಳು ನನ್ನನ್ನು ಬೆಳೆಸಿದವಳು ಎಂದು ಒಂದೇ ಒಂದು ಸಲ ನಾಲ್ಕು ಜನರ ಮುಂದೆ ಅವನ ಬಾಯಿಂದ ಬರಬೇಕು. ಈಗ ಅದು ಬರುತ್ತದೆ ಎಂದು ಅವಳಿಗೆ ಎಳ್ಳಷ್ಟೂ ಅನುಮಾನ ಇರಲಿಲ್ಲ. ಆ ಕೋಟಿಗೆ ಹಾಕಿದ ಹೊಲಿಗೆಯನ್ನು ಅವಳು ಮದುಮಗನ ಬಟ್ಟೆಗೂ ಹಾಕಿರಲಿಲ್ಲ.

ಸಭಾಂಗಣದ ಮೊದಲ ಸಾಲಿನಲ್ಲಿ ಸೊಸೆ, ಅವಳ ತಂದೆ ತಾಯಿ ಕೂತಿದ್ದರು. "ನಿಮಗೆ ಎಲ್ಲಿ ಆರಾಮೋ ಅಲ್ಲಿ ಕೂತ್ಕೊಳ್ಳಿ," ಎಂದು ಸೊಸೆ ಕೈಯನ್ನು ಹಿಂದಿನ ಸಾಲುಗಳತ್ತ ಬೀಸಿದಳು. ಚಿಕ್ಕಮ್ಮ ಕಂಬದ ಪಕ್ಕ ಕೂತಳು. ಹೊರಗಿನ ಜನರೂ ಬಂದಿದ್ದರಿಂದ ಭಾಷಣ ಎಲ್ಲರಿಗೂ ತಿಳಿಯುವ ಮಾತಿನಲ್ಲೇ ಇತ್ತು. ಪಕ್ಕದ ಹೆಂಗಸು, "ಕೋಟು ಎಷ್ಟು ಚೆನ್ನಾಗಿ ಕೂತಿದೆ ನೋಡಿ," ಎಂದು ಪಿಸುಗುಟ್ಟಿದಳು. ಚಿಕ್ಕಮ್ಮನಿಗೆ ಆಗಲೇ ಅರ್ಧ ಹೊಟ್ಟೆ ತುಂಬಿತು.

ಅವನು ಚೆನ್ನಾಗಿ ಮಾತಾಡಿದ, ಅದನ್ನು ಒಪ್ಪಲೇಬೇಕು. ಮೊದಮೊದಲು ಬ್ರಿಂಗ್ ಅಪ್ ಅಂದರೆ ಕೆಳಗಿದ್ದದ್ದನ್ನು ಮೇಲಕ್ಕೆ ತರುವುದು ಅಷ್ಟೇ, ನೆಲಮಾಳಿಗೆಯಿಂದ ಪೀಪಾಯಿ ತಂದ ಹಾಗೆ, ಎಂದ. ಆಮೇಲೆ ಅದು ತೊಟ್ಟಿಲಿನ ಕಡೆ ನಡೆಯಿತು, ಮಗುವನ್ನು ಬೆಳೆಸುವುದು ಎಂದಾಯಿತು.

ಚಿಕ್ಕಮ್ಮ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತಳು.

"ಉದಾಹರಣೆಗೆ," ಎಂದು ಅವನು ನೀರು ಕುಡಿದ. "ಯಾವುದೋ ದೂರದೇಶದ ಒಬ್ಬ ರಾಜಕುಮಾರ. ಅವನನ್ನು ಬೆಳೆಸಿದವಳು ಅರಮನೆಯ ದಾದಿ." ಆ ರಾಜಕುಮಾರನ ತೊಟ್ಟಿಲು, ದಾದಿಯ ನಿಷ್ಠೆ, ದೊಡ್ಡವನಾದ ಮೇಲೆ ಅವನು ಅವಳನ್ನು ನೆನೆದದ್ದು ಎಲ್ಲವನ್ನೂ ಸೊಗಸಾಗಿ ಹೇಳಿದ. ಹೇಳಿ ಮುಂದಕ್ಕೆ ಹೋದ.

ಹೋಗಲಿ, ಕೊನೆಗೆ ಹೇಳಬಹುದು ಎಂದು ಅವಳು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಅವನು ಅಷ್ಟರಲ್ಲಿ ಸಮುದ್ರಕ್ಕೆ ಇಳಿದಿದ್ದ: ಹಡಗಿನವರು ಲಂಗರು ಹಾಕಿ ನಿಲ್ಲಿಸುವುದಕ್ಕೂ ಇದೇ ಮಾತು ಬಳಸಿದರು. ಕೋರ್ಟಿನವರು ಆಪಾದಿತನನ್ನು ನ್ಯಾಯಾಧೀಶರ ಮುಂದೆ ನಿಲ್ಲಿಸುವುದಕ್ಕೆ ಬಳಸಿದರು. ಹೊಸ ರೂಢಿ ತರುವುದು ಎಂಬ ಅರ್ಥವೊಂದಿತ್ತು, ಅದು ಬಳಕೆ ತಪ್ಪಿ ಸತ್ತಿತು. ಆಮೇಲೆ ಆ ಮಾತು ಹೊಟ್ಟೆಗೆ ಹೋಯಿತು.

"ಹೊಟ್ಟೆಯಲ್ಲಿದ್ದದ್ದು ಬಾಯಿಗೆ ಬರುವುದು," ಎಂದು ಅವನು ಮುಗುಳ್ನಕ್ಕ. "ಉದಾಹರಣೆಗೆ ಒಬ್ಬ ಹೆಂಗಸು. ನಮ್ಮ ಬೀದಿಯಲ್ಲಿದ್ದವಳು. ಹುಡುಗನೊಬ್ಬನನ್ನು ದೊಡ್ಡ ಶಾಲೆಗೆ ಸೇರಿಸೋದಕ್ಕೆ ಬಸ್ಸಲ್ಲಿ ಕರಕೊಂಡು ಹೋದಳು. ಹೆಡ್‌ಮಾಸ್ಟರ್ ಕೋಣೆಯಲ್ಲಿ, 'ಏನಮ್ಮ, ಹುಡುಗನ ವಿಶೇಷ ಏನು?' ಅಂತ ಕೇಳಿದ್ರು. ಅವಳು ಬಾಯಿ ತೆಗೆದಳು. ವಿಶೇಷವೆಲ್ಲ ಅವರ ಮೇಜಿನ ಮೇಲೆ ಬಂತು. ಹೆಡ್‌ಮಾಸ್ಟರ್ ಮೂಗು ಮುಚ್ಚಿಕೊಂಡು, ಇವರು ಹೊರಗೆ ಹೋದರೆ ಸಾಕು ಅಂತ ತಕ್ಷಣ ಸೀಟು ಕೊಟ್ರು."

ಸಭಾಂಗಣ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಅತ್ತೆ ಕಣ್ಣೊರೆಸಿಕೊಂಡರು. ಪಕ್ಕದ ಹೆಂಗಸು ನಗು ತಡೆಯಲಾರದೆ ಚಿಕ್ಕಮ್ಮನ ತೋಳನ್ನು ಹಿಡಿದುಕೊಂಡಳು. ಚಿಕ್ಕಮ್ಮನಿಗೆ ಮೈಯೆಲ್ಲ ಬೆಂಕಿ ಹತ್ತಿತು. ಶಾಲೆಗೆ ಸೇರಿಸಲು ಹೊರಟ ಆ ಬೆಳಿಗ್ಗೆ ಮನೆಯಲ್ಲಿದ್ದದ್ದು ಒಂದು ಬನ್ನು, ಒಂದು ಲೋಟ ಹಾಲು. ಹಾಲು ಕೆಟ್ಟಿತ್ತು. ಬನ್ನು ಅವನಿಗೆ ಕೊಟ್ಟು, ಬರೀ ಹೊಟ್ಟೆಯಲ್ಲಿ ಹೋಗಿ ಅಲ್ಲಿ ತಲೆ ಸುತ್ತಿ ಬಿದ್ದರೆ ಎಂದು ಕೆಟ್ಟ ಹಾಲನ್ನು ತಾನೇ ಕುಡಿದಿದ್ದಳು. ಅವನು ಎದುರಿಗೇ ಕೂತು ಬನ್ನು ತಿನ್ನುತ್ತ, "ವಾಸನೆ ಬರ್ತಿದೆ, ಕುಡೀಬೇಡ," ಎಂದಿದ್ದ.

ವಿಷಯ ಎತ್ತುವುದು, ಕಂಪ್ಯೂಟರಿನಲ್ಲಿ ಪುಟ ತೆರೆಯುವುದು, ಆ ಮಾತಿನ ಉಳಿದ ಅರ್ಥಗಳೆಲ್ಲ ಯಾವಾಗ ಬಂದವು ಯಾವಾಗ ಹೋದವು ಅವಳಿಗೆ ತಿಳಿಯಲಿಲ್ಲ. ಚಪ್ಪಾಳೆಯಾಯಿತು. ಪ್ರಶ್ನೆಗಳಿದ್ದರೆ ಕೇಳಬಹುದು ಎಂದರು ಅಧ್ಯಕ್ಷರು. ತಾನು ಎದ್ದು ನಿಂತಿದ್ದೇನೆ ಎಂದು ಅವಳಿಗೆ ಗೊತ್ತಾದದ್ದು ಮೈಕು ಕೈಗೆ ಬಂದ ಮೇಲೆಯೇ.

"ಆ ಹೆಂಗಸು ಯಾಕೆ ವಾಂತಿ ಮಾಡಿಕೊಂಡಳು?"

ವೇದಿಕೆಯ ಮೇಲೆ ಅವನ ಮುಖದ ನಗು ಇದ್ದಲ್ಲೇ ಇತ್ತು, ಬಣ್ಣ ಮಾತ್ರ ಇಳಿಯಿತು. ಮೊದಲ ಸಾಲಿನತ್ತ ಒಮ್ಮೆ ಕಣ್ಣು ಹಾಯಿಸಿದ.

"ಒಳ್ಳೆಯ ಪ್ರಶ್ನೆ ಕೇಳಿದ್ರಿ, ಅಮ್ಮ," ಎಂದ. "ಪಾಪ, ಬಸ್ಸಿನ ಪ್ರಯಾಣ ಒಗ್ಗಿರಲಿಕ್ಕಿಲ್ಲ. ದಯವಿಟ್ಟು ಕೂತ್ಕೊಳ್ಳಿ. ಮುಂದಿನ ಪ್ರಶ್ನೆ?"

ಅವಳು ಕೂತಳು. ಮಾತು ಬಂದಾಗಿನಿಂದ ತನ್ನನ್ನು ನೀನು ಎಂದ ಬಾಯಿ ಅದು.

ವಾರ ಕಳೆದ ಮೇಲೆ ಕೋಟನ್ನು ಚೀಲದಲ್ಲಿ ಹಾಕಿಕೊಂಡು ಅವನೇ ಬಂದ. ಒಂದು ತೋಳು ಬಿಗಿಯಂತೆ. ಕೋಟನ್ನು ಮೇಜಿನ ಮೇಲೆ ಹಾಕಿ ಸ್ಟೂಲಿನ ಮೇಲೆ ಕೂತ.

"ಅಲ್ಲ ಚಿಕ್ಕಮ್ಮ, ಅಷ್ಟು ಜನರ ಮುಂದೆ ಅದನ್ನ ಕೇಳಬೇಕಿತ್ತಾ? ನನ್ನ ಮಾನ ಹೋಗೋದು ಕೂದಲೆಳೆಯಲ್ಲಿ ತಪ್ಪಿತು."

ಅವಳು ತೋಳಿನ ಹೊಲಿಗೆಯನ್ನು ಬೆರಳಲ್ಲಿ ಸವರಿ ನೋಡುತ್ತಿದ್ದಳು.

"ನಿನ್ನ ಹೆಸರು ಹೇಳಿದ್ನಾ ನಾನು? ಎಷ್ಟು ಹುಷಾರಾಗಿ ಹೆಸರು ಬಿಟ್ಟೆ. ಅದನ್ನೂ ನೋಡಲ್ಲ ನೀನು."

"ಹೌದು, ಹೇಳ್ಲಿಲ್ಲ."

"ಮತ್ತೆ?"

"ರಾಜಕುಮಾರನ್ನ ಯಾಕೆ ತಂದೆ?"

"ಬೆಳೆಸೋದು ಅನ್ನೋದಕ್ಕೆ ಹಳೇ ಉದಾಹರಣೆ ಬೇಕು ಚಿಕ್ಕಮ್ಮ. ಶಾಸ್ತ್ರ ಅದು. ಮನೆ ಕತೆ ಹೇಳಿದ್ರೆ ವಿದ್ವಾಂಸರು ನಗ್ತಾರೆ."

"ಕಕ್ಕೋದಕ್ಕೆ ಹಳೇದು ಬೇಡ್ವಾ?"

ಅವನಿಗೆ ನಿಜವಾಗಿಯೂ ಅದು ಅರ್ಥವಾಗದ ಪ್ರಶ್ನೆ. ತಾಳ್ಮೆಯಿಂದ, ತರಗತಿಯಲ್ಲಿ ಹೇಳುವ ಹಾಗೆ ಹೇಳಿದ. "ಅಲ್ಲಿ ಜನ ನಗಬೇಕಿತ್ತಲ್ಲ."

ಚಿಕ್ಕಮ್ಮ ಕೋಟನ್ನು ತನ್ನತ್ತ ಎಳೆದುಕೊಂಡಳು. ಅಳುವೂ ಬರಲಿಲ್ಲ, ಸಿಟ್ಟೂ ಇಳಿದಿತ್ತು. ಇಷ್ಟು ವರ್ಷ ಯಾರ ಅಳತೆ ಹಿಡಿಯುತ್ತಿದ್ದೆ ಎಂಬ ಕಹಿಯೊಂದೇ ನಾಲಗೆಯ ಮೇಲೆ ಉಳಿದಿತ್ತು. ಡ್ರಾಯರ್ ಎಳೆದು ಚೀಟಿಯ ಕಟ್ಟು ತೆಗೆದಳು. "ಪ್ರೊಫೆಸರ್, ಕೋಟು, ಎಡತೋಳು" ಎಂದು ಗುಂಡಗೆ ಬರೆದು ಕಾಲರಿಗೆ ಚುಚ್ಚಿದಳು. ಬಾಗಿಲ ಹಿಂದಿನ ಮೊಳೆಯನ್ನು ದಾಟಿಕೊಂಡು ಹೋಗಿ ಕೋಟನ್ನು ಕಿಟಕಿ ಪಕ್ಕದ ಕಂಬಿಗೆ, ಗಿರಾಕಿಗಳ ಬಟ್ಟೆಗಳ ನಡುವೆ ತೂಗುಹಾಕಿದಳು.

"ಬುಧವಾರ ಸಾಯಂಕಾಲ ಬನ್ನಿ," ಎಂದಳು. "ಕೊಟ್ಟುಬಿಡ್ತೀನಿ."

ಗಿರಾಕಿ ಯಾರೋ ಬಂದರೇನೋ ಎಂದು ಪ್ರೊಫೆಸರ್ ತಿರುಗಿ ನೋಡಿದ. ಬಾಗಿಲಲ್ಲಿ ಯಾರೂ ಇರಲಿಲ್ಲ.