ಪೈಗಳು ಕರೆದ ಹೆಸರು

ಪ್ಲಾಸ್ಟಿಕ್ ಕುರ್ಚಿಯನ್ನು ಎಳೆದೆಳೆದು ದಾಮೋದರ ಪೈಗಳ ತಲೆಯ ಹತ್ತಿರ ಹಾಕಿಕೊಂಡು ಕೂತ ಮೇಲೆಯೇ ಪ್ರಿಯಂವದಾ ಟೀಚರಿಗೆ ಸಮಾಧಾನವಾದದ್ದು. ಎರಡನೇ ಸಾಲಿನಲ್ಲಿ ಕೂರಲು ಅವರು ತಯಾರಿರಲಿಲ್ಲ. ಚಾಪೆಯ ಮೇಲೆ ಮಲಗಿಸಿದ್ದ ಪೈಗಳ ಇನ್ನೊಂದು ಬದಿಯಲ್ಲಿ ಹೆಂಡತಿ ಸುಭಾಷಿಣಿ ನೆಲದಲ್ಲೇ ಕೂತು ಗಂಡನ ಹಣೆಯ ಕೂದಲು ಸರಿಸುತ್ತಿದ್ದರು. ಸರಿಸಿದ್ದನ್ನೇ ಮತ್ತೆ ಸರಿಸುತ್ತಿದ್ದರು. ಸತ್ತ ಮೇಲಾದರೂ ಬಿಡಬಾರದೇ ಈ ಹೆಂಗಸು, ಎಂದು ಟೀಚರಿಗೆ ಹೊಟ್ಟೆ ಉರಿಯಿತು.

"ಟೀಚರ್, ಕಾಫಿ ಕುಡಿದ್ರಾ?" ನರ್ಸ್ ಶರೋನ್ ಬಗ್ಗಿ ಕೇಳಿದಳು.

"ಎಂತ ಕಾಫಿ! ಇದು ಕಾಫಿ ಕುಡಿಯುವ ಹೊತ್ತಾ?"

ಶರೋನ್ ಆಚೆ ಹೋದಳು. ಮಣಿಪಾಲದಿಂದ ಸ್ವಲ್ಪ ಹೊರಗೆ, ಗುಡ್ಡದ ಇಳಿಜಾರಿನಲ್ಲಿರುವ ಸೌಖ್ಯ ಎಂಬ ಹಿರಿಯರ ವಠಾರದಲ್ಲಿ ಪ್ರಿಯಂವದಾ ಎಲ್ಲರಿಗೂ ಬರೀ ಟೀಚರ್. ಅವರ ಮನೆಯ ಬಾಗಿಲಿನ ಫಲಕದಲ್ಲಿಯೂ 'ಪಿ. ರಾವ್' ಎಂದಷ್ಟೇ ಇದೆ. ಪೂರ್ತಿ ಹೆಸರು ಹಿಡಿದು ತನ್ನನ್ನು ಕರೆಯುವವರು ಇಲ್ಲಿ ಒಬ್ಬರೇ ಎಂಬುದು ಟೀಚರ್ ಯಾರಿಗೂ ಹೇಳದೆ ಇಟ್ಟುಕೊಂಡಿದ್ದ ಗುಟ್ಟು. ಆ ಒಬ್ಬರು ಈಗ ಚಾಪೆಯ ಮೇಲಿದ್ದರು.

*

"ಸುಮ್ಮನೆ ನೋಡಿ ಬರುವ ಅತ್ತೆ, ಇಷ್ಟ ಆಗದಿದ್ರೆ ಬೇಡ," ಎಂದು ಎರಡು ವರ್ಷದ ಹಿಂದೆ ಅವರನ್ನು ಇಲ್ಲಿಗೆ ಕಾರಿನಲ್ಲಿ ಕರೆತಂದವನು ತಮ್ಮನ ಮಗ ಗುರುಪ್ರಸಾದ್. ಬೇಡವೆಂದು ಟೀಚರ್ ಮನೆಯಲ್ಲೇ ತೀರ್ಮಾನಿಸಿಕೊಂಡು ಹೊರಟಿದ್ದರು. ಅಡಿಗೆಮನೆ ಇಕ್ಕಟ್ಟು ಎಂದರು. ಊಟಕ್ಕೆ ಕೂರಿಸಿದರೆ ಸಾರಿಗೆ ಇಂಗು ಹೆಚ್ಚಾಯಿತು ಎಂದರು.

ಮ್ಯಾನೇಜರ್ ಯಶ್ವಂತ್ ತಾಳ್ಮೆಯಿಂದ ತೋರಿಸುತ್ತಾ ಹೋದ. "ಇವು ತಾವೇ ಅಡಿಗೆ ಮಾಡಿಕೊಳ್ಳುವವರ ಮನೆಗಳು. ಸ್ನಾನಕ್ಕೆ, ಔಷಧಿಗೆ ಜನ ಬೇಕಾದರೆ ಆ ನಡುವಿನ ಕಟ್ಟಡ. ಹಾಸಿಗೆ ಹಿಡಿದರೆ ಕೊನೆಯದ್ದು. ಒಮ್ಮೆ ಇಲ್ಲಿಗೆ ಬಂದರೆ ಮತ್ತೆ ಬೇರೆ ಕಡೆ ಹೋಗಲಿಕ್ಕಿಲ್ಲ."

"ಹೋಗಲಿಕ್ಕೆ ಉಂಟಲ್ಲ, ಮೇಲಕ್ಕೆ," ಎಂದು ಟೀಚರ್ ಚುಚ್ಚಿದರು.

ಕೊನೆಯ ಕಟ್ಟಡದಲ್ಲಿ ಗುರುಪ್ರಸಾದನೂ ಯಶ್ವಂತನೂ ಬಚ್ಚಲು ನೋಡಲು ಮುಂದೆ ಹೋದಾಗ, ಕಿಟಕಿಯ ಪಕ್ಕದ ಮಂಚದಿಂದ ಒಂದು ತೊದಲು ದನಿ ಬಂತು. "ಪ್ರಿಯಂವದಾ."

ಟೀಚರ್ ನಿಂತುಬಿಟ್ಟರು. ಬಾಯಿ ಒಂದು ಬದಿಗೆ ವಾಲಿದ ಮುದುಕ ಬಾಗಿಲಿನ ಕಡೆಗೇ ನೋಡುತ್ತಿದ್ದರು. ಯಾರೆಂದು ಟೀಚರಿಗೆ ಹೊಳೆಯಿತು. ಕಾರ್ಕಳದ ಜವಳಿ ಅಂಗಡಿಯ ಪೈಗಳು! ಪಾರ್ಶ್ವವಾಯು ಬಡಿದು ಮಾತೆಲ್ಲ ಹೋಗಿ ಅವರಲ್ಲಿ ಉಳಿದಿದ್ದದ್ದು ಆ ಒಂದು ಶಬ್ದ.

ಸಂಜೆ ಕಾರು ಹತ್ತುವಾಗ ಗುರುಪ್ರಸಾದ್ ಕೇಳಿದ. "ಹಾಗಾದರೆ ಬೇಡ ಅಲ್ವಾ ಅತ್ತೆ?"

"ಬೇಡ ಅಂತ ಯಾರು ಹೇಳಿದ್ದು?"

*

ಬಜಗೋಳಿಯ ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಕಾಲದಲ್ಲಿ, ಸಂಬಳ ಬಂದ ಶನಿವಾರ ಬಸ್ಸು ಹತ್ತಿ ಕಾರ್ಕಳಕ್ಕೆ ಬಂದು ಒಂದು ರವಿಕೆ ಕಣ ಕೊಳ್ಳುವುದು ಟೀಚರ ರೂಢಿ. ಅಂಗಡಿಯಲ್ಲಿ ಆಗಿನ್ನೂ ಹರೆಯದ ದಾಮೋದರ ಪೈ ಇರುತ್ತಿದ್ದರು. "ಅಂಗಡಿಯ ಬೆಳಕು ಸುಳ್ಳು ಹೇಳ್ತದೆ ಟೀಚರ್, ಹೊರಗೆ ಬನ್ನಿ," ಎನ್ನುತ್ತಿದ್ದರು. ಮೆಟ್ಟಿಲಿನ ಮೇಲೆ, ಬಿಸಿಲಿನಲ್ಲಿ, ಸೀರೆಯ ಸೆರಗಿಗೆ ಕಣವನ್ನು ತಾಗಿಸಿ ಹಿಡಿದು ಕಣ್ಣು ಕಿರಿದು ಮಾಡಿ ಬಣ್ಣ ನೋಡುತ್ತಿದ್ದರು. ನಡೆದದ್ದು ಅಷ್ಟೇ. ಅಷ್ಟರ ಮೇಲೆಯೇ ಟೀಚರ್ ಮನಸ್ಸಿನಲ್ಲಿ ಒಂದು ಸಂಸಾರ ಕಟ್ಟಿದರು. ಪೈಗಳಿಗೆ ಮದುವೆಯಾಯಿತೆಂದು ತಿಳಿದ ದಿನ ಕೊಂಡಿದ್ದ ಕಣವನ್ನು ಹೊಲಿಸಲೇ ಇಲ್ಲ. ಬಂದ ಸಂಬಂಧಗಳನ್ನೂ ಒಪ್ಪಲಿಲ್ಲ.

ಪೈಗಳು ಎಂದೂ ಅವರ ಹೆಸರು ಕೇಳಿದವರಲ್ಲ. ಆದರೆ ಯಾರನ್ನೋ ವಿಚಾರಿಸಿ ತಿಳಿದುಕೊಂಡಿರಬೇಕು. ಬಾಯಿಬಿಟ್ಟು ಹೇಳಲಾಗದೆ ಎದೆಯಲ್ಲಿ ಇಟ್ಟುಕೊಂಡಿರಬೇಕು. ಇಲ್ಲದಿದ್ದರೆ ಎಲ್ಲ ಮಾತು ಅಳಿಸಿಹೋದ ಮೇಲೂ ಅದೊಂದು ಹೇಗೆ ಉಳಿದೀತು? ಹೀಗೆಂದುಕೊಂಡು ಟೀಚರ್ ಇಲ್ಲಿ ಮನೆ ಹಿಡಿದರು, ದಿನಾ ಹೋಗಿ ಪೈಗಳ ಮಂಚದ ಬಳಿ ಕೂತರು. ಪೈಗಳು "ಪ್ರಿಯಂವದಾ" ಎಂದಾಗಲೆಲ್ಲ ಗಂಜಿ ಕುಡಿಸುತ್ತಿದ್ದ ಸುಭಾಷಿಣಿ, "ಇಲ್ಲೇ ಇದ್ದೇನಲ್ಲ," ಎಂದು ಕೊಂಕಣಿಯಲ್ಲಿ ಉತ್ತರ ಕೊಡುತ್ತಿದ್ದರು. ಕರೆಯುವುದು ನನ್ನನ್ನು, ಓಗೊಡುವುದು ಇವಳು! ಟೀಚರ್ ಕುರ್ಚಿಯನ್ನು ಮಂಚಕ್ಕೆ ಇನ್ನಷ್ಟು ಹತ್ತಿರ ಎಳೆದುಕೊಳ್ಳುತ್ತಿದ್ದರು.

*

"ಒಳ್ಳೆ ಮನುಷ್ಯ ಮಾರಾಯ," ಎಂದು ಚಾಪೆಯ ಹಿಂದೆ ಎರಡನೇ ಸಾಲಿನಲ್ಲಿ ಕೂತಿದ್ದ ಪಕ್ಕದ ಮನೆಯ ಸ್ಟ್ಯಾನಿಸ್ಲಾಸ್ ಯಶ್ವಂತನ ಬಳಿ ಹೇಳುತ್ತಿದ್ದರು. "ಒಮ್ಮೆ ಕಟಪಾಡಿಯಿಂದ ಕಾರ್ಕಳದ ಅಂಗಡಿಯವರೆಗೆ ಪ್ಯಾಂಟಿನ ಬಟ್ಟೆಗೆ ಅಂತ ಹೋಗಿದ್ದೆ. ಅಂಗಡಿಯ ಬೆಳಕು ಸುಳ್ಳು ಹೇಳ್ತದೆ ಅಂತ ನನ್ನನ್ನು ಬಿಸಿಲಿಗೆ ಎಳ್ಕೊಂಡು ಹೋದ."

ಪ್ಯಾಂಟಿನ ಬಟ್ಟೆಗೆ! ಟೀಚರಿಗೆ ಯಾರೋ ಜಿಗುಟಿದಂತಾಯಿತು. ಇರಲಿ, ಬಿಸಿಲು ಊರಿನವರಿಗೆಲ್ಲ ಇದ್ದಿರಬಹುದು. ಹೆಸರು ನನ್ನದೊಂದೇ ಅಲ್ಲವೇ, ಎಂದುಕೊಂಡರು. ಸುಭಾಷಿಣಿಗೆ ಇವತ್ತು ಅದನ್ನು ಹೇಳಿಯೇಬಿಡಬೇಕೆಂದು ಅವರು ಬೆಳಿಗ್ಗೆಯೇ ನಿಶ್ಚಯಿಸಿದ್ದರು. ನೀವು ಉಣಿಸಿದಿರಿ, ನಿಜ, ಆದರೆ ಅವರು ಕರೆದದ್ದು ನನ್ನನ್ನು. ಅಷ್ಟು ಹೇಳಿದರೆ ಸಾಕಿತ್ತು.

ಹೊರಗೆ ಕಾರು ನಿಂತಿತು. ಸುಭಾಷಿಣಿಯ ಅಕ್ಕ ಮನೋರಮಾ ಕಾಪುವಿನಿಂದ ಬಂದಿದ್ದರು. ಒಳಗೆ ಬಂದವರೇ, "ಪ್ರಿಯಂವದಾ! ಹೀಗಾಯ್ತಲ್ಲೇ ಪ್ರಿಯಂವದಾ!" ಎಂದು ಗೋಳಾಡುತ್ತಾ ಓಡಿ ತಬ್ಬಿಕೊಂಡದ್ದು ಸುಭಾಷಿಣಿಯನ್ನು.

ಟೀಚರ್ ಕುರ್ಚಿಯಿಂದ ಅರ್ಧ ಎದ್ದರು.

"ಪ್ರಿಯಂವದಾ ಅಂದ್ರೆ ಯಾರು ಆಂಟಿ?" ಶರೋನ್ ಮೆಲ್ಲಗೆ ಕೇಳಿದಳು. "ಅಂಕಲ್ ಹೇಳ್ತಿದ್ದದ್ದು ಅದೇ ಅಲ್ವಾ? ನಾನು ನಿಮ್ಮ ಯಾವುದೋ ದೇವರ ಹೆಸರು ಅಂದ್ಕೊಂಡಿದ್ದೆ."

ಸುಭಾಷಿಣಿ ಅಳುವಿನ ನಡುವೆಯೂ ನಕ್ಕರು. "ನಾನೇ. ತವರಲ್ಲಿ ಇಟ್ಟ ಹೆಸರು. ನಮ್ಮಲ್ಲಿ ಮದುವೆ ದಿನ ಹೆಣ್ಣಿಗೆ ಹೊಸ ಹೆಸರು ಇಡುವ ಕ್ರಮ ಉಂಟು. ಇವರಿಗೆ ಹೊಸದು ನಾಲಿಗೆಗೆ ಹತ್ತಲೇ ಇಲ್ಲ. ಜನರ ಎದುರು ಸುಭಾಷಿಣಿ, ಕೋಣೆಯೊಳಗೆ ಹಳೆಯದೇ."

ಕೋಣೆಯೊಳಗೆ. ಟೀಚರಿಗೆ ಅಳು ಬರಲಿಲ್ಲ, ಸಿಟ್ಟು ಬಂತು. ಗಂಡ, ಮನೆ, ಗಂಜಿ ಕುಡಿಸುವ ಭಾಗ್ಯ ಎಲ್ಲ ಈಕೆಗೇ ಸಿಕ್ಕಿತು. ಹೆಸರುಗಳೂ ಎರಡೆರಡು. ತನಗಿದ್ದದ್ದು ಒಂದೇ ಒಂದು, ಅದೂ ಮೊದಲಿನಿಂದಲೇ ಈಕೆಯದ್ದಾಗಿತ್ತು.

ಮನೆಯವರೆಲ್ಲ ಒಬ್ಬೊಬ್ಬರಾಗಿ ಪೈಗಳ ಬಾಯಿಗೆ ತುಳಸಿ ನೀರು ಬಿಟ್ಟರು. "ಟೀಚರ್, ನೀವೂ ಬನ್ನಿ," ಎಂದು ಸುಭಾಷಿಣಿ ಕರೆದರು. "ದಿನಾ ಬಂದು ಕೂರ್ತಿದ್ದದ್ದು ನೀವೊಬ್ಬರೇ."

ಮಂಡಿ ನೋವಿಗೆ ಟೀಚರ್ ಕಷ್ಟಪಟ್ಟು ಬಗ್ಗಿದರು. ಸುಭಾಷಿಣಿಯೇ ಅವರ ತೋಳು ಹಿಡಿದುಕೊಂಡರು. ನೀರು ತುಟಿಯ ವಾಲಿದ ಬದಿಯಿಂದ ಇಳಿದು ಕಿವಿಯ ಕಡೆಗೆ ಹರಿಯಿತು, ಅದನ್ನು ಸುಭಾಷಿಣಿ ಸೆರಗಿನಿಂದ ಒರೆಸಿದರು.

"ಇಷ್ಟು ದಿನ ನಿಮ್ಮ ಹೆಸರೇ ಕೇಳಲಿಲ್ಲ ನೋಡಿ. ಎಂತ ಹೆಸರು?"

ಬೆಳಿಗ್ಗೆಯಿಂದ ತುದಿನಾಲಿಗೆಯಲ್ಲಿದ್ದ ಮಾತನ್ನು ಟೀಚರ್ ನುಂಗಿಕೊಂಡರು.

"ಟೀಚರ್ ಅಂತಲೇ ಕರೀರಿ. ಎಲ್ಲರೂ ಹಾಗೆಯೇ ಕರೆಯುವುದು."

ಗಾಡಿ ಪೈಗಳನ್ನು ಹೊತ್ತು ಇಳಿಜಾರಿನಲ್ಲಿ ಇಳಿಯಿತು. ಗಂಡಸರು ಹಿಂದೆ ಹೋದರು. ಸುಭಾಷಿಣಿ ಬಾಗಿಲ ಬಳಿ ನಿಂತು ರಸ್ತೆಯನ್ನೇ ನೋಡುತ್ತಿದ್ದರು. ಟೀಚರ್ ತಾವು ಎಳೆದು ತಂದಿದ್ದ ಕುರ್ಚಿಯನ್ನು ಎತ್ತಿಕೊಂಡು ಸಾಲಿಗೆ ಇಡಲು ಹೊರಟರು.

"ಪ್ರಿಯಂವದಾ, ಒಳಗೆ ಬಾ," ಎಂದು ಮನೋರಮಾ ಒಳಗಿನಿಂದ ಕೂಗಿದರು.

"ಹಾಂ," ಎಂದಿತು ಬಾಗಿಲ ಬಳಿಯ ದನಿ.

"ಹಾಂ," ಎಂದಿತು ಇನ್ನೊಂದು ದನಿಯೂ.

ಹೊಸ್ತಿಲ ಮೇಲೆ ಕಾಲಿಟ್ಟಿದ್ದ ಸುಭಾಷಿಣಿ ತಿರುಗಿ ನೋಡಿದರು. ಟೀಚರ್ ಎದೆಗೆ ಕುರ್ಚಿ ಹಿಡಿದುಕೊಂಡು ಖಾಲಿ ಚಾಪೆಯ ಪಕ್ಕದಲ್ಲಿ ನಿಂತಿದ್ದರು.