ಹರಿದ ಲೇಸಿನ ನಡುವಿನ ಪಾರಿವಾಳ

ಕೋಣೆ ಬಿಟ್ಟು ಹೊರಡುವವರು ದೀಪ ಆರಿಸಿಯೇ ಹೊರಡಬೇಕು. ಬರ್ನಡೆಟ್ ಟೀಚರ್ ಜೀವಮಾನವಿಡೀ ಮಕ್ಕಳಿಗೆ ಕಲಿಸಿದ ನಿಯಮ ಇದು. ಆದರೆ ಉರ್ವದ ಅವರ ಸ್ವಂತ ಮನೆಯಲ್ಲೇ, ಬಹರೈನಿನಿಂದ ರಜೆಗೆ ಬಂದ ತಮ್ಮ ಇಸಿದೋರ್ ಟೀವಿಗೆ ಜೋಡಿಸಿದ, ಕ್ಯಾಸೆಟ್ ಕಾಲದ ಪುಟ್ಟ ಕಂಪ್ಯೂಟರು ಹಗಲಿರುಳೆನ್ನದೆ ಉರಿಯುತ್ತಿತ್ತು.

"ಯಾರೂ ಮುಟ್ಟದಾಗಲೂ ಇದಕ್ಕೆ ಕರೆಂಟು ಎಂತಕ್ಕೆ? ಇದು ಬರೀ ದುಂದಲ್ಲ, ಅಹಂಕಾರ."

"ಆಫ್ ಮಾಡಿದ್ರೆ ಎಲ್ಲ ಮರೆತುಬಿಡ್ತದೆ ಅಕ್ಕ. ಕ್ಯಾಸೆಟ್ಟಿಗೆ ಇಳಿಸಿಡುವ ಅಂದ್ರೆ ಟೇಪ್‌ರೆಕಾರ್ಡರ್ ತೇವ ಹಿಡಿದು ಹಾಳಾಗಿದೆ. ಇನ್ನೂ ಕೊಟ್ಟಾರದ ರಿಪೇರಿ ಅಂಗಡಿಯಲ್ಲೇ ಉಂಟು."

"ನನ್ನ ಕ್ಲಾಸಿನ ಕೊನೇ ಬೆಂಚಿನವರೂ ಮಲಗಿ ಎದ್ದದ್ದಕ್ಕೆ ಮಗ್ಗಿ ಮರೆಯುತ್ತಿರಲಿಲ್ಲ, ಮಾರಾಯ."

ಹೀಗೆ ಗದರಿದರೂ ಅವರ ಕೈ ಸ್ವಿಚ್ಚಿನ ಕಡೆಗೆ ಹೋಗುತ್ತಿರಲಿಲ್ಲ. ಯಂತ್ರದೊಳಗೆ ಅಮ್ಮನಿದ್ದಳು. ತೀರಿಹೋದ ಅಮ್ಮ ದೇವರ ಪೀಠಕ್ಕೆಂದು ಕೊಕ್ಕೆಕಡ್ಡಿಯಲ್ಲಿ ಹೆಣೆದ ಕ್ರೋಶದ ಲೇಸನ್ನು ಜಿರಳೆಗಳು ತಿಂದು, ನಡುವಿನ ಪಾರಿವಾಳವೇ ಮಾಯವಾಗಿತ್ತು. ಆ ವಿನ್ಯಾಸ ಉಳಿದದ್ದು ಬರ್ನಡೆಟ್ಟರ ಬೆರಳುಗಳಲ್ಲಿ ಮಾತ್ರ. ಅವರು ಕಣ್ಣು ಮುಚ್ಚಿ, ಗಾಳಿಯಲ್ಲೇ ನೂಲು ಎಳೆಯುತ್ತಾ, "ಎರಡು ತುಂಬು, ಒಂದು ಖಾಲಿ" ಎಂದು ಹೇಳುವರು, ಇಸಿದೋರ್ ಕೀಲಿಯೊತ್ತುವನು, ನೀಲಿ ಪರದೆಯ ಮೇಲೆ ತುಂಬಿದ ಪ್ರತಿ ಮನೆಗೆ ಬಿಳಿಯ ಚುಕ್ಕೆಯೊಂದು ಮೂಡುವುದು. ದಿನಗಳು ಉರುಳಿದಂತೆ ಕೊಕ್ಕು ಬಂತು, ಕತ್ತು ಬಂತು, ರೆಕ್ಕೆಗಳು ಬಿಚ್ಚಿಕೊಂಡವು.

ನಾಳೆ ಪ್ರಯಾಣವೆಂದು ಇಸಿದೋರ್ ನೆಂಟರನ್ನು ಕಾಣಲು ವಾಮಂಜೂರಿಗೆ ಹೋಗಿದ್ದ. ಹೊರಗೆ ಮಳೆ. ಸಂಜೆ ಜಪಮಾಲೆ ಹಿಡಿದು ತೇರ್ಸಿನ ಪ್ರಾರ್ಥನೆಗೆ ಕೂರುವ ಮುನ್ನ ಟೀವಿಗೆ ಬಟ್ಟೆ ಹೊದೆಸುವುದು ಆ ಮನೆಯ ಪದ್ಧತಿ. ಹೊದಿಕೆ ಒಗೆದದ್ದು ಒಣಗಿರಲಿಲ್ಲ. ಬರ್ನಡೆಟ್ ಪೆಟ್ಟಿಗೆಯಿಂದ ಅಮ್ಮನ ಹರಿದ ಲೇಸನ್ನೇ ತೆಗೆದು ಪರದೆಯ ಮೇಲೆ ಇಳಿಬಿಟ್ಟರು. ಟೇಪ್‌ರೆಕಾರ್ಡರಿಗೆ ಬಂದ ಗತಿ ಇದಕ್ಕೂ ಬಾರದಿರಲೆಂದು ಕಂಪ್ಯೂಟರನ್ನು ಉಣ್ಣೆಯ ಶಾಲಿನಿಂದ ಮಗುವನ್ನು ಸುತ್ತುವ ಹಾಗೆ ಬೆಚ್ಚಗೆ ಸುತ್ತಿದರು.

ಜಪಮಣಿ ಹಿಡಿದು ತಲೆಯೆತ್ತಿದರೆ, ಲೇಸಿನ ತೂತು ತೂತಾಗಿರಲಿಲ್ಲ. ಅದರ ಹಿಂದಿನಿಂದ ಬೆಳಕಿನ ಪಾರಿವಾಳ ಇಣುಕಿ, ಜಿರಳೆ ತಿಂದ ಜಾಗವನ್ನು ತುಂಬಿ ಕುಳಿತಿತ್ತು. ನೂಲು ಎಲ್ಲಿ ಮುಗಿದು ಬೆಳಕು ಎಲ್ಲಿ ತೊಡಗುತ್ತದೆಂದು ತಿಳಿಯದು. ನೀಲಿ ನೀರಿನೊಳಗೆ ಕೋಣೆಯೇ ಮೆಲ್ಲಗೆ ತೇಲಿದಂತೆ. ತುಟಿಯ ಮೇಲಿನ ಪ್ರಾರ್ಥನೆ ಅಮ್ಮನ ದನಿಯಲ್ಲೇ ಕೇಳಿದಂತೆ. ಮಣಿಗಳು ತಾವಾಗಿಯೇ ಸರಿಯುತ್ತಿದ್ದವು.

ಆಮೇಲೆ ಪಾರಿವಾಳ ಒಮ್ಮೆ ನಡುಗಿತು. ಚುಕ್ಕೆಗಳು ಚೆದರಿ, ಪರದೆ ಬರಿದಾಯಿತು. ತೂತು ಮತ್ತೆ ತೂತೇ ಆಯಿತು. ಶಾಲು ಬಿಚ್ಚಿದರೆ ಯಂತ್ರ ಜ್ವರ ಬಂದ ಮಗುವಿನಂತೆ ಸುಡುತ್ತಿತ್ತು.

ಇಸಿದೋರ್ ಕೊಡೆ ಮಡಚುತ್ತ ಒಳಗೆ ಬಂದ.

"ತಪ್ಪು ನನ್ನದು. ಬೆಚ್ಚಗಿರಲಿ ಅಂತ ಹೊದೆಸಿದೆ, ಉಸಿರು ಕಟ್ಟಿಸಿದೆ."

ಅವನು ಒಂದೆರಡು ಕೀಲಿ ಒತ್ತಿ ನೋಡಿದ; ಪರದೆ ಬರಿದಾಗಿಯೇ ಉಳಿಯಿತು. "ನಾಳೆ ವಿಮಾನ, ಅಕ್ಕ. ಇನ್ನು ಪುನಃ ಟೈಪ್ ಹೊಡೆಯಲಿಕ್ಕೆ ಸಮಯವೇ ಇಲ್ಲ."

ಬರ್ನಡೆಟ್ ಸ್ವಿಚ್ಚು ಆರಿಸಿದರು. ಬಿಳಿ ನೂಲಿನುಂಡೆಯನ್ನೂ ಕ್ರೋಶದ ಕಡ್ಡಿಯನ್ನೂ ತಂದು ಅವನ ಮಡಿಲಲ್ಲಿಟ್ಟರು.

"ಪೂರ್ತಿ ಬೇಡ, ಕೊಕ್ಕಿನವರೆಗೆ ಬಂದರೆ ಸಾಕು. ಕೈಗೆ ಒಮ್ಮೆ ದಾರಿ ಗೊತ್ತಾದರೆ ಉಳಿದದ್ದು ಬಹರೈನಿನಲ್ಲಿ ಕೂತು ಮಾಡ್ಲಿಕ್ಕೆ ಆಗ್ತದೆ."

"ಗಂಡಸರು ಕ್ರೋಶ ಹಾಕುವುದುಂಟಾ? ರೂಮಿನವರು ನಗ್ತಾರೆ."

"ನಗಲಿ. ನಕ್ಕವರಿಗೂ ಕಲಿಸು."

ಮಳೆ ಹೊಯ್ಯುತ್ತಲೇ ಇತ್ತು. ಅವನ ದಪ್ಪ ಬೆರಳುಗಳು ತಡವರಿಸಿ, ಮೊದಲ ಗಂಟನ್ನು ಕಟ್ಟಿದವು.

"ಕಡ್ಡಿ ಪೆನ್ಸಿಲಿನ ಹಾಗೆ ಹಿಡಿ. ಹೂಂ. ಎರಡು ತುಂಬು," ಎಂದು ಟೀಚರ್ ಕಣ್ಣು ಮುಚ್ಚಿದರು.